ಕರಗದ ಉಕ್ಕು, ಕಳಚಿದ ಕೀಲು

ಲಂಡನ್ನಿನ ಬ್ರಾಡ್‌ಗೇಟ್‌ನಲ್ಲಿ 14 ಮಹಡಿಗಳ ಕಟ್ಟಡವೊಂದು ಮೇಲೇಳುತ್ತಿತ್ತು. ಉಕ್ಕಿನ ಕಂಬ, ಉಕ್ಕಿನ ತೊಲೆ, ಅದರ ಮೇಲೆ ಕಾಂಕ್ರೀಟಿನ ಹಾಸು. 1990ರ ಜೂನ್ 23ರಂದು ಒಂದನೇ ಮಹಡಿಯಲ್ಲಿ ಗುತ್ತಿಗೆದಾರರು ಹಾಕಿಕೊಂಡಿದ್ದ ಶೆಡ್ಡಿಗೆ ಬೆಂಕಿ ಹತ್ತಿತು. ಸ್ಪ್ರಿಂಕ್ಲರ್ ಇನ್ನೂ ಚಾಲೂ ಆಗಿರಲಿಲ್ಲ. ಉಕ್ಕಿಗೆ ಬಳಿಯಬೇಕಾಗಿದ್ದ ಬೆಂಕಿ ತಡೆಯುವ ಲೇಪದ ಕೆಲಸವೂ ಎಷ್ಟೋ ಕಡೆ ಬಾಕಿ ಇತ್ತು. ನಾಲ್ಕೂವರೆ ಗಂಟೆ ಉರಿಯಿತು. ಎಂಜಿನಿಯರುಗಳ ಪುಸ್ತಕದ ಪ್ರಕಾರ ಆ ಮಹಡಿ ಕೆಳಗೆ ಬರಬೇಕಿತ್ತು.

ಬರಲಿಲ್ಲ. ಕೆಲವು ಕಂಬಗಳು 10 ಸೆಂಟಿಮೀಟರಿನಷ್ಟು ಕುಗ್ಗಿ ಗಿಡ್ಡವಾಗಿದ್ದವು, ತೊಲೆಗಳು ಕೆಲವೆಡೆ ಅರ್ಧ ಮೀಟರಿಗೂ ಹೆಚ್ಚು ಜೋತುಬಿದ್ದಿದ್ದವು. ಆದರೆ ಕುಗ್ಗಿದ ಕಂಬದ ಹೊರೆಯನ್ನು ಅಕ್ಕಪಕ್ಕದ ಕಂಬಗಳು ಸದ್ದಿಲ್ಲದೆ ಹೊತ್ತುಕೊಂಡಿದ್ದವು. ಒಂದು ಹುಳುವೂ ಸಾಯಲಿಲ್ಲ ಅನ್ನುವಂತೆ ಜನರೆಲ್ಲ ಪಾರಾದರು. ಕೆಟ್ಟ ಉಕ್ಕನ್ನು ತೆಗೆದು ಹೊಸದು ಕೂರಿಸುವ ಕೆಲಸ ಒಂದು ತಿಂಗಳಲ್ಲಿ ಮುಗಿಯಿತು. ಲೆಕ್ಕ ಹಾಕುವವರಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಕಟ್ಟಡ ಯಾಕೆ ನಿಂತಿತು?

ಕಟ್ಟಡ ಬಿದ್ದರೆ ತನಿಖೆ ನಡೆಯುವುದು ಲೋಕರೂಢಿ. ನಿಂತದ್ದಕ್ಕೆ ತನಿಖೆ ನಡೆದದ್ದು ಅಪರೂಪ. ಅಲ್ಲಿಯವರೆಗಿನ ವಿದ್ಯೆಯೆಲ್ಲ ಕುಲುಮೆಯಿಂದ ಬಂದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಒಂದು ಪರೀಕ್ಷಾ ಪದ್ಧತಿ ಇತ್ತು. ಒಂದೇ ಒಂದು ತೊಲೆಯನ್ನು ಕುಲುಮೆಯ ಮೇಲೆ ಮಲಗಿಸಬೇಕು, ಮೇಲೆ ಭಾರ ಹೇರಬೇಕು, ನಿಗದಿತ ಲೆಕ್ಕದಲ್ಲಿ ಕಾವು ಏರಿಸುತ್ತ ಹೋಗಬೇಕು. ಎಷ್ಟು ಹೊತ್ತು ತಾಳಿತೋ ಅದೇ ಅದರ ಅಂಕ: ಒಂದು ಗಂಟೆಯ ತೊಲೆ, ಎರಡು ಗಂಟೆಯ ತೊಲೆ. ಉಕ್ಕು 1500 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಆದರೆ 600 ಡಿಗ್ರಿ ತಲುಪುವಷ್ಟರಲ್ಲೇ ಅದರ ಅರ್ಧದಷ್ಟು ಕಸುವು ಹೋಗಿರುತ್ತದೆ. ಹಾಗಾಗಿ 550 ಡಿಗ್ರಿ ದಾಟಿದ ಉಕ್ಕು ಸತ್ತ ಉಕ್ಕು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಂಟಿ ತೊಲೆಯ ಮಟ್ಟಿಗೆ ಇದು ನಿಜವೇ. ಆದರೆ ಕಟ್ಟಡದೊಳಗೆ ಯಾವ ತೊಲೆಯೂ ಒಂಟಿಯಲ್ಲ. ಮದುವೆ ಮನೆಯಲ್ಲಿ ನಿಂತವನ ಶಕ್ತಿಯನ್ನು ಅಖಾಡದಲ್ಲಿ ಒಬ್ಬನೇ ನಿಂತಂತೆ ಅಳೆದರೆ ಆಗುವ ಎಡವಟ್ಟು ಇಲ್ಲೂ ಆಗಿತ್ತು.

ಉತ್ತರ ಹುಡುಕಲು ಬ್ರಿಟಿಷರು ಒಂದು ಇಡೀ ಕಟ್ಟಡವನ್ನೇ ಕಟ್ಟಿ ಸುಟ್ಟರು. ಬೆಡ್‌ಫರ್ಡ್ ಬಳಿಯ ಕಾರ್ಡಿಂಗ್‌ಟನ್‌ನಲ್ಲಿ ಹಿಂದೆ ವಾಯುನೌಕೆಗಳನ್ನು ನಿಲ್ಲಿಸಲು ಎಬ್ಬಿಸಿದ ಪ್ರಚಂಡ ಕೊಟ್ಟಿಗೆಗಳಿವೆ. ಅಂಥದೊಂದರ ಮಾಡಿನ ಕೆಳಗೆ 33 ಮೀಟರ್ ಎತ್ತರದ, 8 ಮಹಡಿಯ ಉಕ್ಕಿನ ಕಚೇರಿ ಕಟ್ಟಡ ಎದ್ದಿತು. ಜನರ, ಮೇಜು ಕುರ್ಚಿಗಳ ಭಾರಕ್ಕೆ ಬದಲಾಗಿ ಮರಳಿನ ಮೂಟೆಗಳನ್ನು ಪೇರಿಸಿದರು. 1995 ಮತ್ತು 1996ರಲ್ಲಿ ಒಂದಾದ ಮೇಲೊಂದು ಬೆಂಕಿ ಹಚ್ಚಿದರು. ಮೊದಮೊದಲು ಗ್ಯಾಸಿನ ಉರಿ, ಆಮೇಲೆ ಕಟ್ಟಿಗೆಯ ಒಟ್ಟಿಲು, ಕೊನೆಗೆ ಮೇಜು, ಕಂಪ್ಯೂಟರ್, ಕಡತಗಳ ಸಮೇತ ಒಂದು ನಿಜವಾದ ಆಫೀಸು. ಆ ಆಫೀಸಿನ ಬೆಂಕಿಯಲ್ಲಿ ಲೇಪವಿಲ್ಲದ ತೊಲೆಗಳ ಕಾವು 1100 ಡಿಗ್ರಿ ದಾಟಿತು. ಪುಸ್ತಕದ ಗೆರೆಗೆ ಎರಡರಷ್ಟು. ಮಹಡಿ ಅರ್ಧ ಮೀಟರಿಗೂ ಮೀರಿ ಬಾಗಿತು, ಆದರೆ ಕೆಳಗೆ ಬೀಳಲಿಲ್ಲ.

ರಹಸ್ಯ ಇದ್ದದ್ದು ತೊಲೆಯಲ್ಲಿ ಅಲ್ಲ, ಅದರ ಮೇಲಿನ ಕಾಂಕ್ರೀಟ್ ಹಾಸಿನಲ್ಲಿ, ಅದರೊಳಗಿನ ತೆಳುವಾದ ಸರಳುಗಳ ಬಲೆಯಲ್ಲಿ. ತೊಲೆ ಮೆತ್ತಗಾಗಿ ಕೈಬಿಟ್ಟಾಗ ಹಾಸು ಜೋತುಬೀಳುತ್ತದೆ. ಜೋತುಬಿದ್ದ ಮೇಲೆ ಅದು ಹಲಗೆಯಂತೆ ಅಲ್ಲ, ಜೋಲಿಯಂತೆ ವರ್ತಿಸುತ್ತದೆ. ಹಳೆಯ ಸೀರೆಯನ್ನು ಜಂತೆಗೆ ಕಟ್ಟಿ ಮಗುವನ್ನು ಮಲಗಿಸುತ್ತೇವಲ್ಲ, ಆ ಸೀರೆಗೆ ಸೆಟೆತ ಅನ್ನುವುದೇ ಇಲ್ಲ. ಆದರೂ ಮಗುವಿನ ಭಾರ ಹೊರುತ್ತದೆ, ಎಳೆತದಿಂದ. ಬಾಗಿದಷ್ಟೂ ಹಾಸು ಹೊರುವ ಬಗೆಯೇ ಬದಲಾಗುತ್ತದೆಂಬ ಈ ತಿಳಿವಳಿಕೆಯನ್ನು ಕಾಲಿನ್ ಬೈಲಿ ಮುಂತಾದವರು ಲೆಕ್ಕದ ಸೂತ್ರವಾಗಿ ಇಳಿಸಿದರು. ಕೆಲವು ಒಳತೊಲೆಗಳಿಗೆ ಲೇಪ ಬಳಿಯದೆಯೂ ಕಟ್ಟಬಹುದು ಎಂಬ ವಿಶ್ವಾಸ ಬಂತು. ಉಕ್ಕಿನ ಉದ್ಯಮ ಖುಷಿಪಟ್ಟಿತು, ದುಡ್ಡು ಉಳಿಯುತ್ತದಲ್ಲ.

ಆದರೆ ಕಾರ್ಡಿಂಗ್‌ಟನ್ನಿನ ಬೂದಿಯಲ್ಲಿ ಇನ್ನೊಂದು ಸಂಗತಿಯೂ ಬಿದ್ದಿತ್ತು. ಬೆಂಕಿ ಆರಿ ಉಕ್ಕು ತಣ್ಣಗಾಗುವಾಗ ಕೆಲವು ಕೀಲುಗಳಲ್ಲಿ ಬೋಲ್ಟುಗಳು ತುಂಡಾಗಿದ್ದವು, ತೊಲೆಯ ತುದಿಯ ಫಲಕಗಳು ಸೀಳಿದ್ದವು. ಕೀಲಿನ ಹತ್ತಿರ ತೊಲೆಯ ತಳದಂಚು ಸುಕ್ಕುಗಟ್ಟಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ರಾಟರ್, ಆಸಿಫ್ ಉಸ್ಮಾನಿ ಮತ್ತು ಸಂಗಡಿಗರು ಈ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಅರೆದು ನೋಡಿದಾಗ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಬೆಂಕಿಯಲ್ಲಿ ಉಕ್ಕಿನ ಕಸುವು ಕುಂದುವುದಕ್ಕಿಂತ, ಅದು ಹಿಗ್ಗಲು ಹೊರಟಾಗ ಸುತ್ತಲಿನ ಕಟ್ಟಡ ಹಿಗ್ಗಗೊಡದೆ ತಡೆಯುವುದೇ ಎಷ್ಟೋ ಸಲ ದೊಡ್ಡ ಶಕ್ತಿ. ಅವರು ಇದನ್ನು ಮೂಲತತ್ವವೆಂದು ಪ್ರಕಟಿಸಿದ್ದು 2001ರಲ್ಲಿ.

ನಮ್ಮ ಹಳ್ಳಿಯ ಕಮ್ಮಾರನಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ ಅನ್ನಬಹುದು. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವಾಗ ಅವನು ಪಟ್ಟಿಯನ್ನು ಗಾಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡುತ್ತಿದ್ದ. ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಸುರಿಯುತ್ತಿದ್ದ. ಚುಂಯ್ ಎಂದು ಹಬೆ ಎದ್ದು, ಪಟ್ಟಿ ಕುಗ್ಗಿ, ಮರದ ತುಂಡುಗಳೆಲ್ಲ ಕಿರುಗುಟ್ಟುತ್ತ ಒಂದಾಗುತ್ತಿದ್ದವು. ಕಬ್ಬಿಣ ಕರಗುವ ಮಾತೇ ಇಲ್ಲ. ಹಿಗ್ಗು ಮತ್ತು ಕುಗ್ಗು, ಎರಡೇ ಸಾಕು.

ಅದೇ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರಗಳಿಗೆ ವಿಮಾನಗಳು ಬಡಿದವು. ಕಂಬಗಳು ಕಡಿದವು, ಲೇಪ ಉದುರಿಹೋಯಿತು, ಬೆಂಕಿಯಲ್ಲಿ ಜೋತುಬಿದ್ದ ಮಹಡಿಗಳು ಹೊರಗಿನ ಕಂಬಗಳನ್ನು ಒಳಕ್ಕೆಳೆದವು. ಆ ದಿನ ಸಂಜೆ 5.20ಕ್ಕೆ ಬಿದ್ದ ಮೂರನೆಯ ಕಟ್ಟಡ ಮಾತ್ರ ಜನರ ನೆನಪಿನಿಂದ ಜಾರಿದೆ. 47 ಮಹಡಿಯ ‘ವರ್ಲ್ಡ್ ಟ್ರೇಡ್ ಸೆಂಟರ್ 7’. ಅದಕ್ಕೆ ಯಾವ ವಿಮಾನವೂ ಬಡಿಯಲಿಲ್ಲ. ಉತ್ತರ ಗೋಪುರ ಬೀಳುವಾಗ ಸಿಡಿದ ಉರಿ ಅವಶೇಷಗಳಿಂದ ಬೆಂಕಿ ಹತ್ತಿತು, ಸುಮಾರು ಏಳು ಗಂಟೆ ಉರಿಯಿತು. ಬೀದಿಯ ನೀರಿನ ಕೊಳವೆಗಳು ಒಡೆದಿದ್ದವು. ಕೆಳಗಿನ ಮಹಡಿಗಳ ಸ್ಪ್ರಿಂಕ್ಲರ್‌ಗೆ ನೀರು ಬರಬೇಕಿದ್ದದ್ದು ಅವುಗಳಿಂದಲೇ. ಅಗ್ನಿಶಾಮಕ ದಳದವರು ಮಧ್ಯಾಹ್ನವೇ ಇದು ನಿಲ್ಲುವುದಿಲ್ಲವೆಂದು ಗ್ರಹಿಸಿ ಸುತ್ತ ಜಾಗ ಖಾಲಿ ಮಾಡಿಸಿದ್ದರಿಂದ ಅಲ್ಲಿ ಯಾರೂ ಸಾಯಲಿಲ್ಲ.

ಇಲ್ಲಿಂದ ಜಗಳ ಶುರು. ಬರೀ ಬೆಂಕಿಯಿಂದ ಇಷ್ಟೆತ್ತರದ ಉಕ್ಕಿನ ಕಟ್ಟಡ ಪೂರ್ತಿ ಕುಸಿದ ಉದಾಹರಣೆ ಅಲ್ಲಿಯವರೆಗೆ ಇರಲಿಲ್ಲ. ಫಿಲಡೆಲ್ಫಿಯಾದ 38 ಮಹಡಿಯ ಮೆರಿಡಿಯನ್ ಪ್ಲಾಜಾ 1991ರಲ್ಲಿ ಹದಿನೆಂಟು ಗಂಟೆಗೂ ಹೆಚ್ಚು ಉರಿದು ನಿಂತಿತ್ತು. ಕಾಗದ, ಕುರ್ಚಿಗಳ ಬೆಂಕಿ ಉಕ್ಕನ್ನು ಕರಗಿಸುವುದಿಲ್ಲ, ಹಾಗಾದರೆ ಯಾರೋ ಒಳಗೆ ಸಿಡಿಮದ್ದು ಇಟ್ಟು ಉರುಳಿಸಿದರು ಎಂಬ ಮಾತು ಹಬ್ಬಿತು. ಕರಗುವುದಿಲ್ಲ ಎಂಬ ಮೊದಲ ಅರ್ಧ ಸರಿಯೇ. ಅದರಿಂದ ಹಾರಿದ ಹಾರಿಕೆ ಮಾತ್ರ ದೊಡ್ಡದು.

ತನಿಖೆಯ ಹೊಣೆ ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ಗೆ ಬಂತು. ಮುಖ್ಯಸ್ಥರು ದೆಹಲಿ ಐಐಟಿಯಲ್ಲಿ ಓದಿ ಎಂಐಟಿಗೆ ಹೋದ ಶ್ಯಾಮ್ ಸುಂದರ್. ಅವರ ಕೈಗೆ ಸಿಗಬೇಕಾಗಿದ್ದ ಮೊದಲ ಸಾಕ್ಷಿಯೇ ಸಿಗಲಿಲ್ಲ. ಏಳನೆಯ ಕಟ್ಟಡದ್ದೆಂದು ಗುರುತಿಸಿ ಪರೀಕ್ಷಿಸಬಹುದಾದ ಉಕ್ಕು ಅವರಿಗೆ ಉಳಿದಿರಲಿಲ್ಲ. ಆ ಜಾಗದ ಉಕ್ಕಿನ ಬಹುಪಾಲು ಗುಜರಿಯಾಗಿ ಮಾರಾಟವಾಗಿತ್ತು. ಒಂದಷ್ಟು ಚೀನಾಕ್ಕೆ ಹೋಯಿತು, ಒಂದಷ್ಟು ನಮ್ಮ ಚೆನ್ನೈ ಬಂದರಿಗೂ ಬಂದಿಳಿಯಿತು. ಕೊಲೆಯ ಆಯುಧವನ್ನು ಕರಗಿಸಿ ಮಾರಿದ ಮೇಲೆ ವಿಚಾರಣೆ ನಡೆಸಿದ ಹಾಗೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ದೊಡ್ಡ ತಪ್ಪು ಇದೇ. ಅನುಮಾನದ ಬೀಜ ಬಿದ್ದದ್ದೂ ಇಲ್ಲಿಯೇ.

ಉಳಿದದ್ದು ನಕ್ಷೆ, ಫೋಟೊ, ವಿಡಿಯೊ, ಕಂಪ್ಯೂಟರ್. ವಿಡಿಯೊದಲ್ಲಿ ಒಂದು ಸುಳಿವಿತ್ತು. ಕಟ್ಟಡದ ಹೊರಮೈ ಅಲುಗುವುದಕ್ಕೆ ಕೆಲವು ಸೆಕೆಂಡು ಮೊದಲೇ ತಾರಸಿಯ ಪೂರ್ವದ ಕೋಣೆ ಒಳಕ್ಕೆ ಇಳಿಯುತ್ತದೆ. ಅಂದರೆ ಅದರ ಕೆಳಗಿನ ಕಂಬ ಮೊದಲು ಹೋಗಿದೆ. ನಕ್ಷೆಯಲ್ಲಿ ಅದು 79ನೇ ಕಂಬ. ಅಲ್ಲಿಂದ ಹಿಂದಕ್ಕೆ ನಡೆದರು. 13ನೇ ಮಹಡಿಯಲ್ಲಿ ಆ ಕಂಬಕ್ಕೆ ಒಂದು ಗರ್ಡರ್, ಅಂದರೆ ಬೇರೆ ತೊಲೆಗಳನ್ನು ಹೊರುವ ದೊಡ್ಡ ತೊಲೆ, ಬಂದು ಕೂತಿತ್ತು. ಗರ್ಡರಿನ ಪೂರ್ವದ ಬದಿಗೆ ಮಾತ್ರ ಸುಮಾರು 16 ಮೀಟರಿನ ಉದ್ದನೆಯ ತೊಲೆಗಳು ಸೇರಿದ್ದವು, ಎದುರಿನಿಂದ ತಡೆ ಕೊಡಲು ಯಾವುವೂ ಇರಲಿಲ್ಲ. ಅಷ್ಟುದ್ದದ ತೊಲೆಯ ಕಾವು 500 ಡಿಗ್ರಿ ಏರಿದರೆ ಅದು 10 ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ. ಶಾಲೆಯ ಹುಡುಗರೂ ಮಾಡಬಹುದಾದ ಗುಣಾಕಾರ. ಹಿಗ್ಗಿದ ತೊಲೆಗಳು ಗರ್ಡರನ್ನು ಪಕ್ಕಕ್ಕೆ ತಳ್ಳಿ ತಳ್ಳಿ ಅದರ ಪೀಠದಿಂದ ಜಾರಿಸಿದವು. ಮಹಡಿ ಕುಸಿದು ಅದರ ಕೆಳಗಿನವನ್ನೂ ಎಳೆದುಕೊಂಡು 5ನೇ ಮಹಡಿಯ ತನಕ ಬಂತು. ಒಂಬತ್ತು ಮಹಡಿಯುದ್ದಕ್ಕೆ ಪಕ್ಕದ ಆಸರೆ ಕಳೆದುಕೊಂಡ 79ನೇ ಕಂಬ ಬಳುಕಿ ಹೋಯಿತು. ಒಂದರ ಹಿಂದೆ ಒಂದು ಉಳಿದ ಕಂಬಗಳು. ಕಾರ್ಡಿಂಗ್‌ಟನ್ನಿನಲ್ಲಿ ಹಾಸು ಜೋಲಿಯಾಗಿ ಕಾಪಾಡಿದ್ದು ಕಣ್ಣು ಕುಕ್ಕಿತ್ತು, ಕೀಲು ಸೀಳಿದ ಹಿಗ್ಗು ಕುಗ್ಗು ಅಡಿಟಿಪ್ಪಣಿಯಾಗಿ ಉಳಿದಿತ್ತು. ಇಲ್ಲಿ ಅಡಿಟಿಪ್ಪಣಿಯೇ ಕಟ್ಟಡವನ್ನು ಕೆಡವಿತು.

ಕರಡು ವರದಿ 2008ರ ಆಗಸ್ಟಿನಲ್ಲಿ ಹೊರಬಂತು. ಕಟ್ಟಡದ ಕಾಣುವ ಭಾಗದ 18 ಮಹಡಿ ಇಳಿಯಲು ಏನೂ ತಡೆಯಿಲ್ಲದೆ ಬೀಳುವುದಕ್ಕಿಂತ ಶೇ. 40ರಷ್ಟು ಹೆಚ್ಚು ಹೊತ್ತು ಹಿಡಿಯಿತು ಎಂದು ಅದರಲ್ಲಿ ಬರೆದಿದ್ದರು. ಡೇವಿಡ್ ಚಾಂಡ್ಲರ್ ಎಂಬ ಹೈಸ್ಕೂಲಿನ ಭೌತಶಾಸ್ತ್ರದ ಮೇಷ್ಟ್ರು ವಿಡಿಯೊವನ್ನು ಚಿತ್ರ ಚಿತ್ರವಾಗಿ ಅಳೆದು, ಸರಾಸರಿ ಯಾಕೆ ಹೇಳುತ್ತೀರಿ, ನಡುವೆ ಒಂದು ಘಟ್ಟದಲ್ಲಿ ಕಟ್ಟಡ ಕೈಬಿಟ್ಟ ಕಲ್ಲಿನ ವೇಗದಲ್ಲೇ ಬಿದ್ದಿದೆಯಲ್ಲ ಎಂದು ಸಾರ್ವಜನಿಕವಾಗಿ ಕೇಳಿದರು. ನವೆಂಬರಿನ ಅಂತಿಮ ವರದಿಯಲ್ಲಿ ನಿಸ್ಟ್ ಒಪ್ಪಿಕೊಂಡಿತು: 2.25 ಸೆಕೆಂಡು, ಸುಮಾರು 8 ಮಹಡಿಯ ಎತ್ತರ, ಅಪ್ಪಟ ಸ್ವತಂತ್ರ ಪತನ. ಮೇಷ್ಟ್ರ ಅಳತೆ ಸರಿಯಾಗಿತ್ತು. ಅದರಿಂದ ಅವರು ತೆಗೆದ ತೀರ್ಮಾನ, ಅಂದರೆ ಇದು ಮದ್ದಿನ ಕೆಲಸ ಎಂಬುದು, ಬೇರೆ ಮಾತು. ಒಳಗಿನ ಕಂಬಗಳೆಲ್ಲ ಮೊದಲೇ ಹೋಗಿ ಹೊರಗಿನವು ಬಳುಕಿ ಮಡಚಿದ ಮೇಲೆ ತಡೆಯಲು ಉಳಿದದ್ದಾದರೂ ಏನು ಎಂಬುದು ನಿಸ್ಟ್‌ನ ವಾದ. ಇನ್ನೂ ಒಂದು: ಅಂಥ ಕಂಬವನ್ನು ಕತ್ತರಿಸಬಲ್ಲ ಸ್ಫೋಟದ ಸದ್ದು ಅರ್ಧ ಮೈಲಿ ದೂರದಲ್ಲೂ 130 ಡೆಸಿಬೆಲ್ ಇರಬೇಕಿತ್ತು. ಅಷ್ಟು ಕ್ಯಾಮೆರಾ, ಅಷ್ಟು ಜನ ಇದ್ದರೂ ಅಂಥ ಸದ್ದು ಯಾವ ಧ್ವನಿಮುದ್ರಣದಲ್ಲೂ ಇಲ್ಲ. ಹಾಗೆಂದು ನಿಸ್ಟ್‌ನ ನಡತೆಯೆಲ್ಲ ನಿರ್ಮಲವೆಂದು ನಾನು ಹೇಳುವುದಿಲ್ಲ. ಮಾದರಿಯ ಒಂದಿಷ್ಟು ಲೆಕ್ಕಗಳನ್ನು ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಬಚ್ಚಿಟ್ಟರು. ಬಚ್ಚಿಟ್ಟ ಲೆಕ್ಕವನ್ನು ಜನ ನಂಬಬೇಕೆಂದರೆ ಹೇಗೆ?

ವಾದ ಕೋರ್ಟಿಗೂ ಹೋಯಿತು. ಕಟ್ಟಡದ ತಳದಲ್ಲಿದ್ದ ವಿದ್ಯುತ್ ಉಪಕೇಂದ್ರ ನಾಶವಾದದ್ದಕ್ಕೆ ವಿಮಾ ಕಂಪನಿಗಳು ಕಟ್ಟಡದವರ ಮೇಲೆ ದಾವೆ ಹೂಡಿದವು. ಎರಡು ಕಡೆಯ ತಜ್ಞರೂ ತಮ್ಮದೇ ಮಾದರಿ ತಂದರು. ಮೊದಲ ಸೋಲು ಎಲ್ಲಿ, ಹೇಗೆ ಆಯಿತೆಂಬುದರಲ್ಲಿ ನಿಸ್ಟ್‌ಗೂ ಅವರಿಗೂ ಒಮ್ಮತ ಇರಲಿಲ್ಲ, ಬೆಂಕಿ ಎಂಬುದರಲ್ಲಿ ಇತ್ತು. ಅಷ್ಟು ಹೊತ್ತು ಆರಿಸುವವರಿಲ್ಲದೆ ಉರಿದ ಕಟ್ಟಡ ಹೇಗೆ ಕಟ್ಟಿದ್ದರೂ ಬೀಳುತ್ತಿತ್ತು ಎಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. 2020ರಲ್ಲಿ ಅಲಾಸ್ಕಾ ವಿಶ್ವವಿದ್ಯಾಲಯದ ಲೀರಾಯ್ ಹಲ್ಸಿ ಬೆಂಕಿ ಕಾರಣವಲ್ಲ ಎಂಬ ವರದಿ ಕೊಟ್ಟರು. ಅದಕ್ಕೆ ಹಣ ಒದಗಿಸಿದ ಸಂಘಟನೆ ಮೊದಲಿಂದಲೂ ಆ ಉತ್ತರವನ್ನೇ ಸಾರುತ್ತ ಬಂದಿತ್ತು. ಈ ನಡುವೆ 2017ರ ಜನವರಿ 19ರಂದು ಟೆಹ್ರಾನಿನ 17 ಮಹಡಿಯ ಪ್ಲಾಸ್ಕೊ ಕಟ್ಟಡ ಕೆಲವೇ ಗಂಟೆಗಳ ಬೆಂಕಿಯಲ್ಲಿ, ಕ್ಯಾಮೆರಾಗಳ ಎದುರೇ, ಅಗ್ನಿಶಾಮಕ ಸಿಬ್ಬಂದಿ ಒಳಗಿರುವಾಗಲೇ ಪೂರ್ತಿ ಕುಸಿಯಿತು. ಅದೂ ಉಕ್ಕಿನದೇ.

ನ್ಯೂಯಾರ್ಕಿನ ಅದೇ ಜಾಗದಲ್ಲಿ ಈಗ 52 ಮಹಡಿಯ ಹೊಸ ಏಳನೆಯ ಕಟ್ಟಡವಿದೆ. ಲಿಫ್ಟು, ಮೆಟ್ಟಿಲುಗಳ ಸುತ್ತ ದಪ್ಪನೆಯ ಕಾಂಕ್ರೀಟ್ ಗೋಡೆ, ಮೊದಲಿಗಿಂತ ಅಗಲವಾದ ಮೆಟ್ಟಿಲು. ಅದರ ಬಾಗಿಲು ತೆರೆದದ್ದು 2006ರ ಮೇ ತಿಂಗಳಲ್ಲಿ, ಹಳೆಯದು ಯಾಕೆ ಬಿತ್ತೆಂಬ ವರದಿ ಬರುವುದಕ್ಕೆ ಎರಡೂವರೆ ವರ್ಷ ಮೊದಲು.