ಕಪಿಲೆಯ ನೀರಿನಲ್ಲಿ ಕಲನಶಾಸ್ತ್ರ

ಮಳೆಗಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಗಳಲ್ಲಿ ರೇಡಿಯೋ ವಾರ್ತೆಗೆ ಕಿವಿಗೊಡುವ ತಮಗೆ ಜಲಾಶಯದ ಒಳಹರಿವು, ಹೊರಹರಿವು, ಸಂಗ್ರಹ ಎಂಬ ಮಾತುಗಳು ಹೊಸವಲ್ಲ. ಇವನ್ನು ಬಲ್ಲವರು ಕಲನಶಾಸ್ತ್ರದ ಹೊಸಿಲನ್ನು ಆಗಲೇ ದಾಟಿದ್ದಾರೆಂದರೆ ನಗು ಬಂದೀತು. ಪಿ.ಯು.ಸಿ. ತರಗತಿಯಲ್ಲಿ ಅವಕಲನ, ಅನುಕಲನ ಎಂಬ ಹೆಸರು ಕೇಳಿಯೇ ಗಣಿತಕ್ಕೆ ಕೈಮುಗಿಯುವ ಮಕ್ಕಳೆಷ್ಟು ಮಂದಿ! ಹೆಸರು ಹಾಗಿರಲಿ, ನೀರನ್ನು ನೋಡೋಣ.

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ ಸುಮಾರು 19.5 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಇದು ಮೊತ್ತ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಇದು ವೇಗ. ಮೊತ್ತವು ಈ ಕ್ಷಣದಲ್ಲಿ ಎಷ್ಟು ವೇಗವಾಗಿ ಬದಲಾಗುತ್ತಿದೆಯೆಂದು ಕಂಡುಹಿಡಿಯುವುದು ಅವಕಲನ. ಕ್ಷಣಕ್ಷಣದ ವೇಗದಿಂದ ಮೊತ್ತವನ್ನು ಕೂಡಿಸಿ ಪಡೆಯುವುದು ಅನುಕಲನ.

ಒಂದು ದಿನವನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ಆರಕ್ಕೆ ಒಳಹರಿವು 14,000 ಕ್ಯೂಸೆಕ್. ವಯನಾಡಿನಲ್ಲಿ ಮಳೆ ಬಿಟ್ಟಿದೆ. ಹರಿವು ಒಂದೇ ಸಮನೆ ಇಳಿದು ಮರುದಿನ ಬೆಳಗ್ಗೆ ಆರಕ್ಕೆ 10,000ಕ್ಕೆ ಬರುತ್ತದೆ. ಹೊರಹರಿವು ಇಡೀ ದಿನ 12,000. ಜಲಾಶಯದಲ್ಲಿ ನೀರು ಅತಿ ಹೆಚ್ಚಾಗುವುದು ಯಾವಾಗ? ಒಳಹರಿವು ಹೆಚ್ಚಾಗಿದ್ದ ಬೆಳಗ್ಗೆಯೇ ಎಂದು ಥಟ್ಟನೆ ಹೇಳುವವರುಂಟು. ಅಲ್ಲ, ಒಳಹರಿವು ಇಳಿಯುತ್ತಿದ್ದರೂ ಹೊರಹರಿವಿಗಿಂತ ಹೆಚ್ಚಾಗಿರುವವರೆಗೆ ನೀರು ಏರುತ್ತಲೇ ಇರುತ್ತದೆ. ಸಂಜೆ ಆರಕ್ಕೆ ಎರಡೂ ಸಮ. ಆ ಕ್ಷಣ ಏರಿಕೆಯ ವೇಗ ಸೊನ್ನೆ, ಸಂಗ್ರಹ ಗರಿಷ್ಠ. ಮಳೆ ನಿಂತಮೇಲೂ ಅಣೆಕಟ್ಟಿನ ಬಾಗಿಲು ತೆರೆಯಬೇಕಾಗುವುದಕ್ಕೆ, ಕೆಳಗೆ ನಂಜನಗೂಡಿನ ಸ್ನಾನಘಟ್ಟದಲ್ಲಿ ಎಚ್ಚರವಾಗಿರಬೇಕಾದುದಕ್ಕೆ ಇದೂ ಒಂದು ಕಾರಣ.

ಈ ಸೊನ್ನೆಯ ಗುಟ್ಟು ನಮ್ಮವರಿಗೆ ಅಪರಿಚಿತವಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಗ್ರಹದ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ವೇಗವನ್ನು, ಲೆಕ್ಕಹಾಕಿದ್ದಾರೆ. ಗ್ರಹಸ್ಥಾನಕ್ಕೆ ಮಾಡಬೇಕಾದ ತಿದ್ದುಪಡಿ ಗರಿಷ್ಠವಾದಾಗ ಅದರ ಬದಲಾವಣೆ ಸೊನ್ನೆಯಾಗುತ್ತದೆಂಬುದನ್ನೂ ಗುರುತಿಸಿದ್ದಾರೆ. ನ್ಯೂಟನ್ ಮತ್ತು ಲೈಬ್‌ನಿಟ್ಸ್ ಈ ವಿಚಾರಗಳನ್ನು ಪೂರ್ಣ ಶಾಸ್ತ್ರವಾಗಿಸಿದ್ದು 17ನೆಯ ಶತಮಾನದಲ್ಲಿ.

ಸಂಜೆಯವರೆಗೆ ಏರಿದ ನೀರೆಷ್ಟು? ಹೆಚ್ಚಳ ಮೊದಲು 2,000, ಕೊನೆಗೆ 0. ಸರಾಸರಿ 1,000 ಕ್ಯೂಸೆಕ್. ಹನ್ನೆರಡು ಗಂಟೆಗೆ 43,200 ಸೆಕೆಂಡು. ಗುಣಿಸಿದರೆ 4 ಕೋಟಿ 32 ಲಕ್ಷ ಘನ ಅಡಿ. ನಕ್ಷೆಯ ಕಾಗದದಲ್ಲಿ ಇದು ಒಂದು ತ್ರಿಕೋನದ ವಿಸ್ತೀರ್ಣ. ಆದರೆ ಹೊಳೆ ನೇರಗೆರೆಯಂತೆ ನಡೆಯುವುದುಂಟೇ? ಗೆರೆ ಅಂಕುಡೊಂಕಾದಾಗ ಅದರಡಿಯ ಜಾಗವನ್ನು ಗಂಟೆಗೊಂದರಂತೆ ಪಟ್ಟಿಗಳಾಗಿ ಸೀಳಿ ಕೂಡಿಸಿರಿ. ಪಟ್ಟಿ ಕಿರಿದಾದಷ್ಟೂ ಉತ್ತರ ನಿಖರ. ಮನೆಯ ವಿದ್ಯಾರ್ಥಿಗೆ ಸೂತ್ರ ಬಾಯಿಪಾಠ ಮಾಡಿಸುವ ಮುನ್ನ ಒಂದು ವಾರದ ಒಳಹರಿವನ್ನು ವಾರ್ತೆಯಿಂದ ಗುರುತುಹಾಕಿಸಿ, ಗೆರೆ ಎಳೆಸಿ, ಚೌಕಗಳನ್ನು ಎಣಿಸಲು ಹೇಳಿರಿ.