ವೈಫೈ ಇದೆ, ಇಂಟರ್ನೆಟ್ ಇಲ್ಲ! ಏಕೆ?

ಪ್ರಶ್ನೆ: ಮೊಬೈಲಿನಲ್ಲಿ ವೈಫೈ ಸಿಗ್ನಲ್ ಪೂರ್ತಿ ತೋರಿಸುತ್ತದೆ. ಆದರೂ ಕೆಲವೊಮ್ಮೆ ಮನೆಯಲ್ಲಿ ಯಾರಿಗೂ ಇಂಟರ್ನೆಟ್ ಬರುವುದಿಲ್ಲ. ಏಕೆ?
– ಓದುಗರು, ಅಕ್ಕಿಹೆಬ್ಬಾಳು, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಆ ಸಿಗ್ನಲ್ ತೋರಿಸುವುದು ಮೊಬೈಲಿಗೂ ಮನೆಯ ರೂಟರಿಗೂ ನಡುವಿನ ಸಂಪರ್ಕವನ್ನು ಮಾತ್ರ. ರೂಟರಿಗೆ ಇಂಟರ್ನೆಟ್ ಬರುವುದು ಹೊರಗಿನ ಫೈಬರ್ ಕೇಬಲ್ಲಿನಿಂದ. ಹೇಮಾವತಿ ನಾಲೆಯಲ್ಲೇ ನೀರು ಬರದಿದ್ದರೆ, ತೂಬಿನಿಂದ ಗದ್ದೆವರೆಗಿನ ಕಾಲುವೆ ಎಷ್ಟು ಚೊಕ್ಕವಾಗಿದ್ದರೂ ಪ್ರಯೋಜನವಿಲ್ಲ, ಇದೂ ಹಾಗೆಯೇ.

ಮೊದಲು ರೂಟರಿನ ದೀಪ ನೋಡಿ. ‘ಎಲ್‌ಒಎಸ್’ ಎಂಬಲ್ಲಿ ಕೆಂಪು ದೀಪವಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಕೇಬಲ್ ತುಂಡಾಗಿರಬಹುದು ಇಲ್ಲವೇ ತೀರಾ ಬಾಗಿರಬಹುದು. ಕೇಬಲ್ಲಿನೊಳಗಿನ, ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯನ್ನು ಮನೆಯಲ್ಲಿ ಜೋಡಿಸಲಾಗದು. ಇಂಟರ್ನೆಟ್ ಕಂಪನಿಗೆ ದೂರು ಕೊಡಬೇಕು. ಕೆಂಪು ದೀಪವಿಲ್ಲದಿದ್ದರೆ ರೂಟರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ.

ಒಬ್ಬರ ಮೊಬೈಲಿಗೆ ಮಾತ್ರ ತೊಂದರೆಯೇ? ರೂಟರ್ ಮನೆಯ ಪ್ರತಿ ಮೊಬೈಲಿಗೂ ಒಂದೊಂದು ವಿಳಾಸ ಕೊಡುತ್ತದೆ. ಅದು ಸರಿಯಾಗಿ ಸಿಗದಿದ್ದರೆ ಮಾಹಿತಿ ತಲುಪುವುದಿಲ್ಲ. ಆ ವೈಫೈ ಹೆಸರನ್ನು ಮೊಬೈಲಿನಿಂದ ತೆಗೆದು, ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಸಿ. ವಿಳಾಸ ಹೊಸದಾಗಿ ಸಿಗುತ್ತದೆ.

ರೂಟರಿನ ರೀಸೆಟ್ ಗುಂಡಿಯನ್ನು ಮಾತ್ರ ಒತ್ತಿ ಹಿಡಿಯಬೇಡಿ. ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ.