ಬೂದಿಯ ದಿಬ್ಬವೂ ಪಂಡಿತರ ವಾದವೂ

ನಮ್ಮ ಮೇಜಿನ ಮೇಲೆ ಕಾಗದಗಳು ಹಾರಿಹೋಗದಂತೆ ಇಡುವ ಒಂದು ಕರಿಯ ಕಲ್ಲನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ನೋಡಿರುವರು. ಅಂಗೈ ಉದ್ದದ ಆ ಕಲ್ಲು ಒಂದು ಕಡೆ ಮೊನಚಾಗಿಯೂ ಮತ್ತೊಂದು ಕಡೆ ಕೊಡಲಿಯ ಬಾಯಿಯಂತೆ ನುಣ್ಣಗೂ ಇರುವುದು. ಬಹು ವರ್ಷಗಳ ಹಿಂದೆ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯು ಇದನ್ನು ತರಗತಿಗೆ ತಂದು, "ಅಮ್ಮಾ, ಇದು ಸಿಡಿಲಿನೊಂದಿಗೆ ಬಿದ್ದ ಕಲ್ಲೆಂದು ನಮ್ಮಜ್ಜಿ ಹೇಳುತ್ತಾಳೆ, ನಿಜವೇ?" ಎಂದು ಕೇಳಿದಳು. ಉಳಿದ ಹುಡುಗಿಯರು ನಕ್ಕರು. ನಾವೂ ಮುಗುಳ್ನಕ್ಕು, ಇದು ಕತ್ತಿ ಮಸೆಯುವ ಕಲ್ಲಾಗಿರಬೇಕೆಂದು ಹೇಳಿ ಆಕೆಯನ್ನು ಕುಳ್ಳಿರಿಸಿದೆವು. ಆ ದಿನ ನಾವು ಮಾಡಿದ ತಪ್ಪೇ ಈ ಲೇಖನಕ್ಕೆ ಕಾರಣವಾಗಿದೆ.

ಭೂಮಿಯಲ್ಲಿ ಹುದುಗಿದ ಪುರಾತನ ಪ್ರಾಣಿಗಳ ಎಲುಬುಗಳು ಕಾಲಕ್ರಮದಲ್ಲಿ ಕಲ್ಲಾಗುವುದುಂಟು. ಇವಕ್ಕೆ ಪಳೆಯುಳಿಕೆಗಳೆಂದು ಹೆಸರು. ಆದರೆ ನಮ್ಮ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸೀಮೆಗಳ ಬಂಡೆಗಳಲ್ಲಿ ಅಂತಹ ಎಲುಬುಗಳನ್ನು ಹುಡುಕುವುದು ವ್ಯರ್ಥ. ನಮ್ಮ ಬೆಟ್ಟಗಳ ಕಲ್ಲು 250 ಕೋಟಿ ವರ್ಷಗಳಿಗಿಂತಲೂ ಹಳೆಯದು. ಅದು ಉಂಟಾದಾಗ ಎಲುಬುಳ್ಳ ಪ್ರಾಣಿ ಒಂದೂ ಹುಟ್ಟಿರಲಿಲ್ಲ. ನೆರೆಯ ಚಿತ್ರದುರ್ಗದ ಸೀಮೆಯ ಸುಣ್ಣಗಲ್ಲುಗಳಲ್ಲಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿಗಳು ಪದರ ಪದರವಾಗಿ ಬಿಟ್ಟ ಗುರುತುಗಳು ಮಾತ್ರ ಉಳಿದಿವೆ. ಆದಾಗ್ಯೂ ಮನುಷ್ಯನ ಪುರಾತನ ಜೀವನದ ಸಾಕ್ಷಿಗಳು ನಮ್ಮ ನೆಲದಲ್ಲಿ ಹೇರಳವಾಗಿವೆ. ಅವುಗಳ ವಿಷಯವಾಗಿ ಪಂಡಿತರಲ್ಲಿ ದೊಡ್ಡ ವಾದವೂ ನಡೆಯಿತು.

ವಿದ್ವಾಂಸರ ವಾದವು ಎಂತಹ ದಾರಿ ಹಿಡಿಯಬಹುದೆಂಬುದಕ್ಕೆ ಅಮೆರಿಕ ದೇಶದ ಉದಾಹರಣೆಯೊಂದಿದೆ. ಅಲ್ಲಿಯ ಪಶ್ಚಿಮದ ಗಡಿನಾಡಿನಲ್ಲಿ ಪುರಾತನ ಮಹಾ ಸರೀಸೃಪಗಳ ಎಲುಬುಗಳು ದೊರೆಯಲು, ಯೇಲ್ ವಿದ್ಯಾಲಯದ ಮಾರ್ಷ್ ಎಂಬವರೂ ಫಿಲಡೆಲ್ಫಿಯದ ಕೋಪ್ ಎಂಬವರೂ 1877ರಿಂದ ಹದಿನೈದು ವರ್ಷಗಳ ಕಾಲ ಪಂತಕಟ್ಟಿ ಅಗೆಯಿಸಿದರು. ಮೊದಲು ಸ್ನೇಹಿತರಾಗಿದ್ದ ಇವರು ಕೊನೆಗೆ ಒಬ್ಬರ ಕೆಲಸಗಾರರನ್ನು ಇನ್ನೊಬ್ಬರು ಸೆಳೆದುಕೊಳ್ಳುವಷ್ಟು, 1890ರಲ್ಲಿ ವರ್ತಮಾನ ಪತ್ರಿಕೆಯಲ್ಲಿ ಬಹಿರಂಗವಾಗಿ ದೂಷಿಸಿಕೊಳ್ಳುವಷ್ಟು ವೈರಿಗಳಾದರು. ಅವಸರದ ಫಲವನ್ನೂ ನೋಡಿರಿ. ಕೋಪ್‌ರವರು ಒಂದು ಪ್ರಾಣಿಯ ತಲೆಯನ್ನು ಅದರ ಬಾಲದ ತುದಿಗೆ ಜೋಡಿಸಿದ್ದರು. ಮಾರ್ಷ್‌ರವರು ಒಂದೇ ಜಾತಿಯ ಪ್ರಾಣಿಗೆ 1877ರಲ್ಲಿ ಒಂದು ಹೆಸರನ್ನೂ 1879ರಲ್ಲಿ ಮತ್ತೊಂದು ಹೆಸರನ್ನೂ ಕೊಟ್ಟರೆಂದು 1903ರಲ್ಲಿ ಮತ್ತೊಬ್ಬ ಪಂಡಿತರು ವಾದಿಸಿದರು. ಅವರಿಂದ ಜ್ಞಾನವು ಬೆಳೆಯಿತೆಂಬುದು ನಿಜ. ಆದರೆ ಇಬ್ಬರೂ ಮನಶ್ಶಾಂತಿಯನ್ನೂ ಐಶ್ವರ್ಯವನ್ನೂ ಕಳೆದುಕೊಂಡರು.

ನಮ್ಮ ಬಳ್ಳಾರಿಯ ಸೀಮೆಯೂ ಆ ಕಾಲದಲ್ಲಿ ಒಂದು ಗಡಿನಾಡೇ. ಇದು ಮದರಾಸು ಆಧಿಪತ್ಯಕ್ಕೆ ಸೇರಿದ್ದು, ಉತ್ತರಕ್ಕೆ ನಿಜಾಮರ ರಾಜ್ಯವೂ ದಕ್ಷಿಣಕ್ಕೆ ಮೈಸೂರೂ ಪಶ್ಚಿಮದಲ್ಲಿ ತುಂಗಭದ್ರೆಯಾಚೆ ಮುಂಬಯಿಯ ಆಧಿಪತ್ಯವೂ ಇದ್ದವು. ಇಲ್ಲಿಯ ಬೆಟ್ಟಗಳನ್ನು ಪರೀಕ್ಷಿಸಿದವರು ರಾಬರ್ಟ್ ಬ್ರೂಸ್ ಫೂಟ್ ಎಂಬವರು. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂಗರ್ಭ ಪರೀಕ್ಷಾ ಇಲಾಖೆಯನ್ನು ಸೇರಿದರು. 1863ನೆಯ ಮೇ 30ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವೊಂದನ್ನು ಗುರುತಿಸಿದರು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ವರ್ಣಿಸಿದರು. ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳಲ್ಲಿ ತಮ್ಮ ಮಗನೊಂದಿಗೆ ಪುರಾತನ ಎಲುಬುಗಳನ್ನು ಅಗೆದು ತೆಗೆದರು. ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತು ಇವರು ಬರೆದ ದೊಡ್ಡ ಗ್ರಂಥವನ್ನು ಪಂಡಿತರು ಈಗಲೂ ತೆರೆದು ನೋಡುವರು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಸಮೀಪ, ಬೂದಿಕಣಮೆಯೆಂಬ ಸ್ಥಳದಲ್ಲಿ ಒಂದು ಬೂದಿಯ ದಿಬ್ಬವುಂಟು. ಭೀಮನಿಂದ ಹತನಾದ ಹಿಡಿಂಬಾಸುರನ ಬೂದಿಯೇ ಇದೆಂದು ಜನರು ಹೇಳುವರು. ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಸ್ಥಳವೆನ್ನುವರು. ಈ ದಿಬ್ಬಗಳಲ್ಲಿ ಮೆತ್ತನೆಯ ಬೂದಿಯಲ್ಲದೆ, ಕುಲುಮೆಯ ಕಿಟ್ಟದಂತೆ ಕರಗಿ ಗಟ್ಟಿಯಾದ ಗಾಜಿನಂತಹ ಉಂಡೆಗಳೂ ಇರುವುದರಿಂದ, ನೋಡಿದವರೆಲ್ಲರೂ ಬೆರಗಾದರು. ಸೈನ್ಯದ ಅಧಿಕಾರಿಯಾಗಿದ್ದ ನ್ಯೂಬೋಲ್ಡ್ ಎಂಬವರು 1843ರಲ್ಲಿಯೇ ಇವುಗಳನ್ನು ಕುರಿತು ಬರೆದರು. ಜ್ವಾಲಾಮುಖಿಯೇ, ಇಟ್ಟಿಗೆಯ ಗೂಡೇ, ಕಬ್ಬಿಣದ ಕುಲುಮೆಯೇ, ಯಜ್ಞಕುಂಡವೇ ಎಂಬ ಪ್ರಶ್ನೆಗಳು ಒಂದರ ಮೇಲೊಂದು ಎದ್ದವು.

ಫೂಟ್‌ರವರು ದಿಬ್ಬಗಳಲ್ಲಿಯೂ ಅವುಗಳ ಸುತ್ತಲೂ ನುಣುಪಾದ ಕಲ್ಲಿನ ಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಕಂಡು, ಇವು ಲೋಹವನ್ನರಿಯದ ದನಗಾಹಿಗಳ ನೆಲೆಗಳೆಂದೂ, ಈ ಬೂದಿಯು ಸುಟ್ಟ ಸಗಣಿಯೆಂದೂ ನಿರ್ಣಯಿಸಿದರು. ಇದಕ್ಕೆ ಪ್ರತಿಯಾಗಿ ವಿಜಯನಗರದ ಚರಿತ್ರೆಯನ್ನು ಬರೆದು ಪ್ರಸಿದ್ಧರಾದ ರಾಬರ್ಟ್ ಸ್ಯೂಯೆಲ್‌ರವರು 1899ರಲ್ಲಿ ಒಂದು ಲೇಖನದ ಮೂಲಕ, ದಿಬ್ಬಗಳು ಅಷ್ಟು ಪುರಾತನವಲ್ಲವೆಂದೂ ವಿಜಯನಗರದ ಕಾಲದ ದಹನಗಳ ಶೇಷವಾಗಿರಬಹುದೆಂದೂ ವಾದಿಸಿದರು. ಒಬ್ಬರು ಕಲ್ಲನ್ನು ಓದಬಲ್ಲವರು. ಮತ್ತೊಬ್ಬರು ಶಾಸನವನ್ನು ಓದಬಲ್ಲವರು. ಫೂಟ್‌ರವರು ತಾವು ಕೂಡಿಸಿದ ವಸ್ತುಗಳಿಗೆಲ್ಲಾ ದೊರೆತ ಸ್ಥಳವನ್ನು ಬರೆದಿಟ್ಟರು. ಆ ಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. 1912ರಲ್ಲಿ ಅವರು ತೀರಿಕೊಂಡಾಗ ವಾದವಿನ್ನೂ ಮುಗಿದಿರಲಿಲ್ಲ.

ನಿಮ್ಮ ಅಡಿಗೆಯ ಮನೆಯಲ್ಲಿಯೇ ಈ ಒಗಟಿನ ಅರ್ಧವಿದೆ. ಕುಳ್ಳನ್ನು ಒಲೆಗಿಟ್ಟರೆ ಮೆತ್ತನೆಯ ಬೂದಿಯಾಗುವುದೇ ಹೊರತು ಗಾಜಾಗುವುದಿಲ್ಲ. ಸಗಣಿಯ ಮಾತನ್ನು ಅನೇಕರು ನಂಬದೆ ಹೋದುದಕ್ಕೆ ಇದೂ ಒಂದು ಕಾರಣ. ಆದರೆ ಹುಲ್ಲಿನಲ್ಲಿ ಮರಳಿನ ಅಂಶವುಂಟು. ಅದು ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಯಲ್ಲಿ ಉಳಿಯುವುದು. ವರ್ಷಗಟ್ಟಲೆ ಬಿದ್ದ ಸಗಣಿಯ ಮಹಾರಾಶಿಗೆ ಬೆಂಕಿ ಹತ್ತಿ ಬಹಳ ಹೊತ್ತು ಉರಿದರೆ, ಒಳಗಿನ ಉಷ್ಣಕ್ಕೆ ಆ ಅಂಶವು ಕರಗಿ ಕಿಟ್ಟವಾಗುವುದು. ಲಂಡನ್ನಿನ ತ್ಸೈನರ್ ಎಂಬ ಪಂಡಿತರು ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯದೇ ಎಂದು 1960ರಲ್ಲಿ ಪ್ರಕಟಿಸಿದರು. ಕೇಂಬ್ರಿಜಿನ ಆಲ್ಚಿನ್‌ರವರು 1957ರಲ್ಲಿ ಮಹಬೂಬನಗರದ ಸೀಮೆಯ ಉಟ್ನೂರಿನ ದಿಬ್ಬವನ್ನು ಅಗೆಯಿಸಿದಾಗ, ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ, ಬೂದಿಯಲ್ಲಿ ಅಚ್ಚೊತ್ತಿದ ದನಗಳ ಗೊರಸಿನ ಗುರುತುಗಳೂ ಕಂಡುಬಂದವು. ಗೊರಸಿನ ಗುರುತಿಗಿಂತ ಬೇರೆ ಸಾಕ್ಷಿ ಬೇಕೇ? ಕ್ರಿ. ಪೂ. 3000ರಿಂದ 1200ರವರೆಗಿನ ನವಶಿಲಾಯುಗದ ಜನರು ಇಲ್ಲಿ ದನ ಕಟ್ಟಿ ಬದುಕಿದರೆಂಬುದು ಹೀಗೆ ತಿಳಿದುಬಂದಿತು. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿಯಂತೆ ಇದೂ ಹಬ್ಬದ ಬೆಂಕಿಯೋ, ಮತ್ತಾವ ಕಾರಣದಿಂದ ಸುಟ್ಟರೋ ಎಂಬ ಚರ್ಚೆ ಈಗಲೂ ನಡೆಯುತ್ತಿದೆ.

ಫೂಟ್‌ರವರ ಮಾತು ಗೆದ್ದುದು ಗಟ್ಟಿಯಾಗಿ ಕೂಗಿದ್ದರಿಂದಲ್ಲ. ವಸ್ತುಗಳನ್ನೂ ಅವುಗಳ ಸ್ಥಳವನ್ನೂ ಮುಂದಿನವರ ಪರೀಕ್ಷೆಗೆ ಉಳಿಸಿದ್ದರಿಂದ. ಅವರು ಸತ್ತು ಸುಮಾರು ಅರ್ಧ ಶತಮಾನವಾದ ಮೇಲೂ ಸಾಕ್ಷಿಯು ಮಾತನಾಡಿತು. ಸಾಕ್ಷಿಯೇ ನಾಶವಾದರೆ ಯಾವ ವಾದವೂ ತೀರದು. ಬೂದಿಕಣಮೆಯ ದಿಬ್ಬದಲ್ಲಿ ಬಹುಭಾಗವು ಈಗಾಗಲೇ ಹಾಳಾಗಿದೆ. ಕಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ಸಂಗನಕಲ್ಲಿನ ಬೆಟ್ಟಗಳಿಗೂ ಕಲ್ಲು ಒಡೆಯುವವರ ಕೈ ತಗುಲಿದೆ.

ಈಗ ನಮ್ಮ ಮೇಜಿನ ಕಲ್ಲಿಗೆ ಬರೋಣ. ಕೆಲವು ವರ್ಷಗಳ ತರುವಾಯ ಒಂದು ವಸ್ತುಸಂಗ್ರಹಾಲಯದಲ್ಲಿ ಇದೇ ಆಕಾರದ ಕಲ್ಲುಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಕಂಡು ನಾವು ನಾಚಿದೆವು. ಅಜ್ಜಿಯ ಮಾತು ಪೂರ್ಣ ಸತ್ಯವಲ್ಲದಿದ್ದರೂ, ಇದು ಸಾಧಾರಣ ಕಲ್ಲಲ್ಲವೆಂಬುದನ್ನು ಆಕೆ ಅರಿತಿದ್ದಳು. ತರಬೇತು ಹೊಂದಿದ ಉಪಾಧ್ಯಾಯಿನಿಯರಾದ ನಾವು ಅರಿಯಲಿಲ್ಲ. ಅಷ್ಟರಲ್ಲಿ ಆ ಹುಡುಗಿಗೆ ಮದುವೆಯಾಗಿತ್ತು. ಕಾಗದ ಬರೆದು ಕೇಳಿದಾಗ, ಕಲ್ಲು ಯಾವ ಹೊಲದಲ್ಲಿ ದೊರೆಯಿತೆಂಬುದು ತನಗೆ ನೆನಪಿಲ್ಲವೆಂದೂ, ಅಜ್ಜಿ ತೀರಿಕೊಂಡಳೆಂದೂ ಉತ್ತರ ಬಂದಿತು. ಸ್ಥಳ ತಿಳಿಯದ ಕಲ್ಲು ಊರು ಮರೆತ ಮಗುವಿನಂತೆ. ತನ್ನವರು ಯಾರೆಂದು ಹೇಳಲಾರದು.

ಆದುದರಿಂದ ಪ್ರಿಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮದೊಂದು ಬಿನ್ನಹ. ಹೊಲ ಉಳುವಾಗಲಾಗಲಿ ಬಾವಿ ತೋಡುವಾಗಲಾಗಲಿ ಇಂತಹ ಕಲ್ಲೋ ಬೂದಿಯ ಪದರವೋ ಕಂಡುಬಂದರೆ ಕದಲಿಸದೆ, ಸ್ಥಳವನ್ನು ಬರೆದಿಟ್ಟು, ಪ್ರಾಚ್ಯವಸ್ತು ಇಲಾಖೆಯವರಿಗೆ ತಿಳಿಸಿರಿ. ಮಗುವು ಕೈಯಲ್ಲಿ ಕಲ್ಲೊಂದನ್ನು ಹಿಡಿದು ನಿಮ್ಮ ಮುಂದೆ ಬಂದು ನಿಂತರೆ, ನಾವು ನಕ್ಕಂತೆ ನಗಬೇಡಿರಿ. ಅದು ಎಲ್ಲಿ ಸಿಕ್ಕಿತೆಂದು ಮೊದಲು ಕೇಳಿರಿ.